ಅಗ್ಗದ ವಿಷ, ಯಾರ ಲೆಕ್ಕದಲ್ಲಿ?

ರಾಕೆಟ್ಟೊಂದು ಹಾರಿದ ಮರುದಿನ ಪತ್ರಿಕೆ ಬಿಡಿಸಿದರೆ ಅದರ ಎತ್ತರವೆಷ್ಟು, ತೂಕವೆಷ್ಟು, ಎಷ್ಟನೆಯ ನಿಮಿಷದಲ್ಲಿ ಕಕ್ಷೆ ಸೇರಿತು, ಹಾರುವ ಮುನ್ನ ಯಾವ ದೇವಸ್ಥಾನದಲ್ಲಿ ಪೂಜೆಯಾಯಿತು ಎಂಬುದೆಲ್ಲ ಸಾಂಗವಾಗಿ ಬಂದಿರುತ್ತದೆ. ಅದರ ಹೊಟ್ಟೆಯಲ್ಲಿ ತುಂಬಿದ್ದುದು ಏನು ಎಂಬುದು ಮಾತ್ರ ಬಹುಮಟ್ಟಿಗೆ ‘ದ್ರವ ಇಂಧನ’ ಎಂಬ ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ. ಸೀಮೆಎಣ್ಣೆಯೂ ದ್ರವ ಇಂಧನವೇ, ಸಾರಾಯಿಯೂ ಬೇಕಾದರೆ ದ್ರವ ಇಂಧನವೇ. ಆ ಎರಡು ಮಾತಿನ ಹಿಂದೆ ಅನೇಕ ಸಲ ಅಡಗಿರುವ ವಸ್ತುವಿನ ಹೆಸರು ಹೈಡ್ರಜೀನ್. ಅದರ ವಿಷಯದಲ್ಲಿ ನನಗೊಂದು ತಕರಾರಿದೆ. ಸರಿಯಾಗಿ ಹೇಳಬೇಕಾದರೆ, ತಕರಾರು ಆ ವಸ್ತುವಿನ ಮೇಲೆ ಅಷ್ಟಿಲ್ಲ. ಅದನ್ನು ‘ಅಗ್ಗ’ ಎಂದು ಕರೆಯುವವರ ಮೇಲೆ.

ಈ ಮಾತನ್ನು ಆಡಲು ನನಗೇನು ಅಧಿಕಾರವೆಂದು ವಾಚಕರು ಕೇಳಬಹುದು. ನಾನು ರಾಕೆಟ್ಟು ಕಟ್ಟಿದವನಲ್ಲ. ಕಾರ್ಖಾನೆಗಳ ಬಾಯ್ಲರು ಮನೆಯಲ್ಲಿ ನೀರು ಪರೀಕ್ಷಿಸುವ ಕೆಮಿಸ್ಟನಾಗಿ ಆಯುಷ್ಯದ ಬಹುಭಾಗ ಕಳೆದವನು. ರಾಕೆಟ್ಟಿಗೂ ಬಾಯ್ಲರಿಗೂ ಎತ್ತಣ ಸಂಬಂಧವೆಂದರೆ, ಎರಡು ಕಡೆಯೂ ಬರುವ ಪೀಪಾಯಿಗಳು ಒಂದೇ ಕುಲದವು.

ಹೈಡ್ರಜೀನ್ ಎಂಬುದು ಅಮೋನಿಯದ ದಾಯಾದಿ. ಎರಡು ನೈಟ್ರೋಜನ್ ಪರಮಾಣು, ನಾಲ್ಕು ಹೈಡ್ರೋಜನ್ ಪರಮಾಣು, ಇಷ್ಟೇ ಅದರ ಸಂಸಾರ. ನೋಡುವುದಕ್ಕೆ ನೀರಿನಂತೆ, ನೀರಿನಂತೆಯೇ ಸ್ವಲ್ಪ ಚಳಿಗೆ ಹೆಪ್ಪುಗಟ್ಟುತ್ತದೆ, ನೀರು ಕುದಿಯುವ ಶಾಖಕ್ಕಿಂತ ಸ್ವಲ್ಪ ಮೇಲೆ ಕುದಿಯುತ್ತದೆ. ಜರ್ಮನಿಯ ಕುರ್ಟಿಯಸ್ ೧೮೮೭ರಲ್ಲಿ ಇದನ್ನು ಮೊದಲು ತಯಾರಿಸಿದ. ೧೯೦೭ರಲ್ಲಿ ರಾಶಿಗ್ ಎಂಬಾತ ಅಮೋನಿಯದಿಂದ ರಾಶಿಗಟ್ಟಲೆ ಮಾಡುವ ದಾರಿ ತೋರಿಸಿದ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಕೋಮೆಟ್ ಎಂಬ ರಾಕೆಟ್ಟು ವಿಮಾನಕ್ಕೆ ಇದನ್ನು ಕುಡಿಸಿದರು. ಯುದ್ಧ ಮುಗಿದ ಮೇಲೆ ಇದೂ ಇದರ ಮಕ್ಕಳೂ ಅಮೆರಿಕ, ರಷ್ಯ, ಚೀನ, ಫ್ರಾನ್ಸ್ ಎಲ್ಲೆಡೆ ಹಬ್ಬಿದವು. ಮಕ್ಕಳಲ್ಲಿ ಮುಖ್ಯವಾದುದು ಡೈಮಿಥೈಲ್ ಹೈಡ್ರಜೀನ್. ರಷ್ಯನ್ನರು ಅದಕ್ಕೆ ‘ಹೆಪ್ಟಿಲ್’ ಎಂದು ಮುದ್ದಿನ ಹೆಸರಿಟ್ಟಿದ್ದಾರೆ. ಮೈನಸ್ ಐವತ್ತು ಡಿಗ್ರಿಯ ಚಳಿಯಲ್ಲೂ ಅದು ಗಟ್ಟಿಯಾಗುವುದಿಲ್ಲ. ನೈಟ್ರೋಜನ್ ಟೆಟ್ರಾಕ್ಸೈಡ್ ಎಂಬ ಇನ್ನೊಂದು ದ್ರವಕ್ಕೆ ತಗುಲಿದ ಕ್ಷಣವೇ, ಕಡ್ಡಿ ಗೀರುವ ಕೆಲಸವಿಲ್ಲದೆ, ಹೊತ್ತಿಕೊಳ್ಳುತ್ತದೆ. ತಿಂಗಳುಗಟ್ಟಲೆ ತೊಟ್ಟಿಯಲ್ಲಿ ತುಂಬಿಟ್ಟರೂ ಕೆಡುವುದಿಲ್ಲ. ಯುದ್ಧಕ್ಕೆಂದು ರಾಕೆಟ್ಟು ಕಟ್ಟುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಗುಣವನ್ನು ಗುಣವೆಂದೇ ಹೇಳಬೇಕು. ಕ್ಷಯರೋಗಿಗಳನ್ನು ೧೯೫೨ರಿಂದ ಬದುಕಿಸುತ್ತ ಬಂದಿರುವ ಐಸೋನಯಾಜಿಡ್ ಗುಳಿಗೆ ಹೈಡ್ರಜೀನಿನಿಂದಲೇ ಹುಟ್ಟುತ್ತದೆ. ಅದನ್ನು ನುಂಗಿ ಗುಣವಾದವರು ನಮ್ಮಲ್ಲಿ ಪ್ರತಿಯೊಂದು ಬೀದಿಯಲ್ಲೂ ಇದ್ದಾರೆ. ೧೯೭೭ರಲ್ಲಿ ಹೊರಟು ಸೂರ್ಯಮಂಡಲದಾಚೆ ಹೋಗಿರುವ ಎರಡು ವಾಯೇಜರ್ ನೌಕೆಗಳು ಭೂಮಿಯ ಕಡೆ ಮುಖ ತಿರುಗಿಸಿಕೊಂಡು ನಿಂತಿರುವುದು ಗುಟುಕು ಗುಟುಕಾಗಿ ಹೈಡ್ರಜೀನ್ ಬಿಡುವ ಸಣ್ಣ ಎಂಜಿನುಗಳ ಬಲದಿಂದ. ೨೦೨೩ರ ಆಗಸ್ಟ್ ೨೩ರಂದು ನಮ್ಮ ಚಂದ್ರಯಾನದ ವಿಕ್ರಮ್ ನೌಕೆ ಚಂದ್ರನ ಮೇಲೆ ಮೆಲ್ಲಗೆ ಕಾಲೂರಿದಾಗ ಉರಿದದ್ದೂ ಈ ಮನೆತನದ ಇಂಧನವೇ. ಆ ಸಂಜೆ ಎಲ್ಲರಂತೆ ನಾನೂ ಚಪ್ಪಾಳೆ ತಟ್ಟಿದೆ. ಈಗಲೂ ತಟ್ಟಲು ಸಿದ್ಧ.

ಆದರೆ ಗುಣದ ಪಟ್ಟಿ ಓದಿದವರು ದೋಷದ ಪಟ್ಟಿಯನ್ನೂ ಅಷ್ಟೇ ಗಟ್ಟಿಯಾಗಿ ಓದಬೇಕು. ಹೈಡ್ರಜೀನ್ ಉಸಿರಿನಿಂದ ಒಳಕ್ಕೆ ಹೋಗುತ್ತದೆ, ಚರ್ಮದ ಮೂಲಕವೂ ಹೋಗುತ್ತದೆ. ಪಿತ್ತಕೋಶ, ಮೂತ್ರಪಿಂಡ, ನರಮಂಡಲ ಮೂರನ್ನೂ ಕೆಡಿಸುತ್ತದೆ. ಹೆಚ್ಚಾಗಿ ತಗುಲಿದರೆ ಮೂರ್ಛೆಯ ಸೆಳವು ಬರುತ್ತದೆ. ದೇಹದಲ್ಲಿರುವ ಬಿ೬ ಜೀವಸತ್ವವನ್ನು ಇದು ಕಟ್ಟಿಹಾಕುವುದೇ ಸೆಳವಿಗೆ ಕಾರಣ. ಕ್ಷಯದ ಗುಳಿಗೆಯ ಜೊತೆಗೆ ವೈದ್ಯರು ಬಿ೬ ಗುಳಿಗೆಯನ್ನೂ ಬರೆದುಕೊಡುವುದನ್ನು ಕಂಡವರಿಗೆ ಈ ಸಂಬಂಧ ತಿಳಿದೀತು. ಇನ್ನು ಕ್ಯಾನ್ಸರಿನ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು ಹೈಡ್ರಜೀನನ್ನು ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಬಲವಾಗಿರುವ’ ವಸ್ತುಗಳ ಗುಂಪಿಗೆ ಸೇರಿಸಿದೆ. ಯುರೋಪಿನ ಒಕ್ಕೂಟವು ೨೦೧೧ರಲ್ಲಿ ಇದನ್ನು ಅತಿ ಕಳವಳಕಾರಿ ವಸ್ತುಗಳ ಪಟ್ಟಿಗೆ ಹಾಕಿತು.

ಇಷ್ಟೆಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಇದರ ವಾಸನೆ ಅಮೋನಿಯದಂತೆ, ಸ್ವಲ್ಪ ಮೀನಿನಂತೆ. ಮನುಷ್ಯನ ಮೂಗಿಗೆ ಅದು ಗೊತ್ತಾಗಬೇಕಾದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಮೂರು ನಾಲ್ಕು ಪಾಲಾದರೂ ಹೈಡ್ರಜೀನ್ ಇರಬೇಕು. ಅಮೆರಿಕದ ಔದ್ಯೋಗಿಕ ಆರೋಗ್ಯತಜ್ಞರ ಸಂಘವು, ದಿನವೆಲ್ಲ ಕೆಲಸ ಮಾಡುವವನು ಉಸಿರಾಡಬಹುದಾದ ಗರಿಷ್ಠ ಪ್ರಮಾಣವೆಂದು ಇಟ್ಟಿರುವುದು ಹತ್ತು ಲಕ್ಷದಲ್ಲಿ ೦.೦೧ ಪಾಲು. ಎಂದರೆ, ‘ಏನೋ ವಾಸನೆ ಬರುತ್ತಿದೆ’ ಎಂದು ಮೂಗು ಹೇಳುವ ಹೊತ್ತಿಗೆ ಮಿತಿ ಮುನ್ನೂರು ಪಟ್ಟು ಮೀರಿಹೋಗಿರುತ್ತದೆ. ಅದೇ ಅಮೆರಿಕದ ಸರ್ಕಾರಿ ಕಾನೂನಿನಲ್ಲಿ ಮಿತಿಯೆಂದು ಬರೆದಿರುವುದು ೧ ಪಾಲು. ಅದು ೧೯೭೧ರಲ್ಲಿ ಎಲ್ಲಿ ನಿಂತಿತೋ ಅಲ್ಲೇ ನಿಂತಿದೆ. ತಜ್ಞರಿಗೂ ಕಾನೂನಿಗೂ ನಡುವೆ ನೂರು ಪಟ್ಟು ಅಂತರ! ಆ ಅಂತರದಲ್ಲಿ ನಿಂತು ಉಸಿರಾಡುವವನು ಯಾರು ಎಂಬುದೇ ನನ್ನ ಪ್ರಶ್ನೆ.

ಯಾರೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಾಯ್ಲರಿಗೆ ಬಿಡುವ ನೀರಿನಲ್ಲಿ ಕರಗಿದ ಆಮ್ಲಜನಕ ಉಳಿದರೆ ಕೊಳವೆಗಳು ಒಳಗಿನಿಂದ ತುಕ್ಕು ತಿಂದು ತೂತಾಗುತ್ತವೆ. ಸೋಡಿಯಂ ಸಲ್ಫೈಟ್ ಹಾಕಿ ಆಮ್ಲಜನಕವನ್ನು ಕಳೆಯಬಹುದು. ಆದರೆ ಅದು ಹಿಂದೆ ಉಪ್ಪನ್ನು ಬಿಡುತ್ತದೆ, ಹೆಚ್ಚು ಒತ್ತಡದ ಬಾಯ್ಲರಿಗೆ ಆ ಉಪ್ಪು ಆಗದು. ಹೈಡ್ರಜೀನ್ ಹಾಗಲ್ಲ. ಆಮ್ಲಜನಕವನ್ನು ನುಂಗಿ ತಾನು ಬರಿಯ ನೀರೂ ನೈಟ್ರೋಜನ್ ಅನಿಲವೂ ಆಗಿ ಕಣ್ಮರೆಯಾಗುತ್ತದೆ. ರಸಾಯನಶಾಸ್ತ್ರದ ದೃಷ್ಟಿಯಿಂದ ಇಷ್ಟು ಚೊಕ್ಕಟವಾದ ಕೆಲಸ ಅಪರೂಪ. ಪುಸ್ತಕದಲ್ಲಿ ಓದಿದಾಗ ನನಗೂ ಬಹಳ ಹಿಡಿಸಿತ್ತು. ಉತ್ತರ ಕರ್ನಾಟಕದ ಒಂದು ಕಾರ್ಖಾನೆಯಲ್ಲಿ (ಹೆಸರು ಬೇಡ, ಹೆಸರು ಹೇಳಿದರೆ ಉಳಿದವರೆಲ್ಲ ತಾವು ಪಾರಾದೆವೆಂದು ತಿಳಿದಾರು) ಅದೇ ಕೆಲಸ ನಡೆಯುತ್ತಿದ್ದ ರೀತಿ ಹೀಗಿತ್ತು. ಪೀಪಾಯಿಯನ್ನು ಓರೆ ಮಾಡಿ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯುವುದು, ಬಕೆಟ್ಟನ್ನು ಹೊತ್ತುಕೊಂಡು ಕಬ್ಬಿಣದ ಏಣಿ ಹತ್ತುವುದು, ಮೇಲಿನ ತೊಟ್ಟಿಗೆ ಹೊಯ್ಯುವುದು. ಮಾಡುತ್ತಿದ್ದವನು ಗುತ್ತಿಗೆಯ ಆಳು. ಮೂಗಿಗೆ ಟವಲು ಸುತ್ತಿದ್ದ, ಕೈ ಬರಿಗೈ.

‘‘ಬರಿಗೈಲೆ ಮುಟ್ಟಬ್ಯಾಡಪಾ, ಮೊದಲು ಕೈಗವಸು ಹಾಕ್ಕೋ’’ ಎಂದೆ.

‘‘ವಾಸನಿ ಬರಾಕತ್ತಿಲ್ರೀ ಸಾಹೇಬ್ರ, ಏನೂ ಆಗಂಗಿಲ್ಲ’’ ಎಂದ.

ಅವನ ಮಾತಿನಲ್ಲಿ ದಡ್ಡತನವೇನೂ ಇಲ್ಲ. ಹಳಸಿದ್ದನ್ನು, ಕೊಳೆತದ್ದನ್ನು, ಸುಟ್ಟದ್ದನ್ನು ಮೂಗಿನಿಂದಲೇ ತಿಳಿದು ಬಾಳಿದವರು ನಾವು. ಈ ಒಂದು ವಸ್ತುವಿನ ವಿಷಯದಲ್ಲಿ ಮೂಗು ಸುಳ್ಳುಸಾಕ್ಷಿ ಹೇಳುತ್ತದೆ ಎಂದು ಅವನಿಗೆ ತಿಳಿಸಬೇಕಾದವರು ಯಾರು? ಪೀಪಾಯಿಯ ಮೇಲೆ ಎಚ್ಚರಿಕೆ ಇತ್ತು. ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿ ಇತ್ತು. ಅದರ ಪಕ್ಕದ ತಲೆಬುರುಡೆಯ ಚಿತ್ರ ಮಾಸಿಹೋಗಿತ್ತು. ನಾನು ಮೇಲಿನವರಿಗೆ ಒಂದು ಟಿಪ್ಪಣಿ ಬರೆದೆ. ಬಕೆಟ್ಟು ಬಿಟ್ಟು ಪೀಪಾಯಿಯಿಂದ ನೇರವಾಗಿ ಪಂಪು ಮಾಡಿರಿ, ಗಾಳಿಯನ್ನು ಅಳೆಯಿರಿ, ಕನ್ನಡದಲ್ಲಿ ಒಂದು ಹಲಗೆ ಬರೆಸಿರಿ ಎಂದು. ಉತ್ತರ ಎರಡು ತಿಂಗಳ ಮೇಲೆ ಬಂತು. ಸರಬರಾಜುದಾರರ ಚೀಟಿ ನಿಯಮಾನುಸಾರವಾಗಿದೆ, ಹೆಚ್ಚಿನ ವೆಚ್ಚಕ್ಕೆ ಪ್ರಸಕ್ತ ಸಾಲಿನಲ್ಲಿ ಅವಕಾಶವಿಲ್ಲ ಎಂದಿತ್ತು. ಪಂಪಿನ ಬೆಲೆ ಆಗ ಆ ಕಾರ್ಖಾನೆಯ ಅತಿಥಿಗೃಹದ ಒಂದು ತಿಂಗಳ ಖರ್ಚಿನಷ್ಟೂ ಇರಲಿಲ್ಲ. ಗುತ್ತಿಗೆದಾರ ಬದಲಾದ ವರ್ಷ ಆ ಆಳೂ ಹೋದ. ಅವನ ರಕ್ತಪರೀಕ್ಷೆಯ ಕಾಗದ ಒಂದೂ ಕಚೇರಿಯಲ್ಲಿ ಇಲ್ಲ, ಏಕೆಂದರೆ ಪರೀಕ್ಷೆಯೇ ನಡೆದಿರಲಿಲ್ಲ. ಕಾಯಂ ನೌಕರರಾದ ನಮಗೆ ವರ್ಷಕ್ಕೊಮ್ಮೆ ನಡೆಯುತ್ತಿತ್ತು; ಬಕೆಟ್ಟು ಹೊತ್ತವನಿಗಿಲ್ಲ, ಬಕೆಟ್ಟಿನ ಲೆಕ್ಕ ಬರೆದವನಿಗುಂಟು.

ಈ ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿ ಹೈಡ್ರಜೀನ್ ಬಹಳ ಅಗ್ಗದ ಪದಾರ್ಥ. ಬದಲಿಗೆ ಬಂದಿರುವ ಕಾರ್ಬೋಹೈಡ್ರಜೈಡ್, ಡೈಇಥೈಲ್ ಹೈಡ್ರಾಕ್ಸಿಲಮೈನ್ ಮುಂತಾದವು ದುಬಾರಿ. ಅಗ್ಗವಾದದ್ದು ಹೇಗೆ ಎಂದರೆ, ಬೆಲೆಯ ಒಂದು ಭಾಗವನ್ನು ಆ ಏಣಿ ಹತ್ತಿದವನ ಪಿತ್ತಕೋಶದ ಖಾತೆಗೆ ಬರೆದದ್ದರಿಂದ. ಆಹಾರಕ್ಕೆ ತಗುಲುವ ಉಗಿಯಲ್ಲಿ ಹೈಡ್ರಜೀನ್ ಸೊನ್ನೆ ಇರಬೇಕು ಎಂದು ಅಮೆರಿಕದ ಆಹಾರ ಕಾನೂನು ಹೇಳುತ್ತದೆ. ಸರಿಯಾದ ಮಾತೇ. ಹಾಲಿನ ಪುಡಿಗೆ ಸೊನ್ನೆ. ಆಳಿನ ಎದೆಗೆ ಎಷ್ಟು?

ಇದು ಬಕೆಟ್ಟಿನ ಮಾತಾಯಿತು. ಇನ್ನು ಟನ್ನಿನ ಮಾತಿಗೆ ಬರೋಣ. ಅಳತೆ ಬದಲಾದರೂ ಲೆಕ್ಕ ಬರೆಯುವ ಕ್ರಮ ಅದೇ.

೧೯೬೦ರ ಅಕ್ಟೋಬರ್ ೨೪ರಂದು ಸೋವಿಯತ್ ರಷ್ಯದ ಬೈಕನೂರಿನಲ್ಲಿ ಆರ್-೧೬ ಎಂಬ ಕ್ಷಿಪಣಿ ಪೀಠದ ಮೇಲೆ ನಿಂತಿತ್ತು. ಒಳಗೆ ಹೆಪ್ಟಿಲ್, ಅದಕ್ಕೆ ಜೊತೆಯಾಗಿ ನೈಟ್ರಿಕ್ ಆಮ್ಲ. ಸೋರಿಕೆ ಕಂಡಿತ್ತು, ಇಂಧನವನ್ನು ಇಳಿಸಿ ರಿಪೇರಿ ಮಾಡುವುದು ಕ್ರಮ. ಕ್ರಾಂತಿಯ ವಾರ್ಷಿಕೋತ್ಸವ ಹತ್ತಿರ ಬಂದಿದ್ದರಿಂದ ಇಳಿಸಲಿಲ್ಲ. ಸೇನಾಪತಿ ನೆಡೆಲಿನ್ ಕ್ಷಿಪಣಿಯ ಬುಡದಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತ. ಎರಡನೆಯ ಹಂತದ ಎಂಜಿನು ತಾನಾಗಿ ಹೊತ್ತಿ, ಸುತ್ತ ಕೆಲಸ ಮಾಡುತ್ತಿದ್ದವರೆಲ್ಲ ಬೆಂಕಿಗೂ ವಿಷದ ಹೊಗೆಗೂ ಸಿಕ್ಕರು. ಸತ್ತವರ ಸಂಖ್ಯೆಯನ್ನು ಕೆಲವರು ಎಪ್ಪತ್ತೆಂಟೆಂದೂ ಕೆಲವರು ನೂರಕ್ಕೆ ಮಿಕ್ಕಿತ್ತೆಂದೂ ಹೇಳುತ್ತಾರೆ. ನೆಡೆಲಿನ್ ವಿಮಾನಾಪಘಾತದಲ್ಲಿ ತೀರಿಕೊಂಡ ಎಂದು ಸರ್ಕಾರ ಪ್ರಕಟಿಸಿತು. ಉಳಿದವರ ಹೆಸರೇ ಬರಲಿಲ್ಲ. ನಿಜ ಸಂಗತಿಯನ್ನು ರಷ್ಯದ ಜನ ತಮ್ಮ ಪತ್ರಿಕೆಯಲ್ಲಿ ಓದಲು ೧೯೮೯ರವರೆಗೆ ಕಾಯಬೇಕಾಯಿತು.

ಅದೇ ರಷ್ಯದಲ್ಲಿ ಕೊರೊಲೆವ್ ಎಂಬ ಮಹಾ ಎಂಜಿನಿಯರು ಈ ಇಂಧನವನ್ನು ಕೊನೆಯವರೆಗೂ ವಿರೋಧಿಸಿದ. ಮನುಷ್ಯನನ್ನು ಇಂಥ ವಿಷದ ಮೇಲೆ ಕೂರಿಸಿ ಕಳಿಸಲಾರೆ, ಸೀಮೆಎಣ್ಣೆಯೂ ಆಮ್ಲಜನಕವೂ ಸಾಕು ಎಂಬುದು ಅವನ ಹಟ. ಎಂಜಿನು ಕಟ್ಟುವ ಗ್ಲುಷ್ಕೊ ಹೆಪ್ಟಿಲ್ ಪಕ್ಷದವನು. ಇಬ್ಬರಿಗೂ ಮಾತು ನಿಂತುಹೋಗುವಷ್ಟು ಜಗಳವಾಯಿತು. ಪದಾರ್ಥದ ವಿಷಯ ಆ ಕಾಲಕ್ಕೆ ಗೊತ್ತಿರಲಿಲ್ಲ ಎಂಬ ಸಮಾಧಾನ ಹೇಳುವವರು ಈ ಜಗಳವನ್ನು ನೆನೆಯಬೇಕು. ಗೊತ್ತಿತ್ತು. ಗೊತ್ತಿದ್ದೂ ಗ್ಲುಷ್ಕೊನ ಎಂಜಿನಿನ ಮೇಲೆ ಪ್ರೋಟಾನ್ ಎಂಬ ರಾಕೆಟ್ಟು ೧೯೬೫ರಲ್ಲಿ ಹಾರಿತು, ಮುಂದೆ ನಾನ್ನೂರಕ್ಕೂ ಹೆಚ್ಚು ಸಲ ಹಾರಿತು.

ಪ್ರೋಟಾನ್ ಹಾರುವುದು ಕಝಾಕಸ್ತಾನದ ನೆಲದಿಂದ. ಅಲ್ಲಿ ಕಡಲಿಲ್ಲ. ಉರಿದು ಮುಗಿದ ಹಂತಗಳು, ತಳದಲ್ಲಿ ಉಳಿದ ಹೆಪ್ಟಿಲ್ಲನ್ನೂ ಕಟ್ಟಿಕೊಂಡು, ಕುರಿ ಕುದುರೆ ಮೇಯುವ ಹುಲ್ಲುಗಾವಲಿನ ಮೇಲೆ ಬೀಳುತ್ತವೆ. ಇದು ರಾಕೆಟ್ಟು ಸರಿಯಾಗಿ ಹಾರಿದಾಗಿನ ಮಾತು! ಕೆಟ್ಟಾಗಿನ ಮಾತು ಬೇರೆ. ೧೯೯೯ರಲ್ಲಿ ಎರಡು ಸಲ ಕೆಟ್ಟು ಬಿತ್ತು. ೨೦೦೭ರ ಸೆಪ್ಟೆಂಬರಿನಲ್ಲಿ ಜೆಜ್‌ಕಾಜ್‌ಗಾನ್ ಪಟ್ಟಣದ ಕಡೆ ಬಿತ್ತು. ೨೦೧೩ರ ಜುಲೈ ೨ರಂದು, ಸುಮಾರು ೬೦೦ ಟನ್ನು ಇಂಧನ ತುಂಬಿಕೊಂಡು ಮೇಲಕ್ಕೇರಿದ ಪ್ರೋಟಾನ್ ಅರ್ಧ ನಿಮಿಷದಲ್ಲೇ ತಲೆಕೆಳಗಾಗಿ ನೆಲಕ್ಕಪ್ಪಳಿಸಿತು. ಹೆಪ್ಟಿಲ್ ಮಣ್ಣಿಗೆ ಸೇರಿದರೆ ಸುಮ್ಮನೆ ಆರಿಹೋಗುವುದಿಲ್ಲ. ಅದರಿಂದ ನೈಟ್ರೋಸೊ ಡೈಮಿಥೈಲಮೈನ್ ಎಂಬ, ಕ್ಯಾನ್ಸರಿನ ವಿಷಯದಲ್ಲಿ ತಾಯಿಗಿಂತ ಕೆಟ್ಟ ಮಗು ಹುಟ್ಟಿ ಮಣ್ಣಿನಲ್ಲಿ ಉಳಿದುಕೊಳ್ಳುತ್ತದೆ. ಕಝಾಕರ ಸರ್ಕಾರ ಪ್ರತಿ ಸಲವೂ ಕೆಲವು ಕಾಲ ಹಾರಾಟ ನಿಲ್ಲಿಸಿತು, ಪರಿಹಾರ ಕೇಳಿತು, ಮತ್ತೆ ಹಾರಲು ಬಿಟ್ಟಿತು. ಹಾರಿಸಿದ ಉಪಗ್ರಹಗಳಲ್ಲಿ ಎಷ್ಟೋ ಪಾಲು ದೂರದ ಶ್ರೀಮಂತ ದೇಶಗಳ ದೂರದರ್ಶನದವು. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಕೊಂಡ ಎಂಬ ನಮ್ಮ ಗಾದೆಗೆ ಇಷ್ಟು ದೊಡ್ಡ ಉದಾಹರಣೆ ಸಿಗಲಾರದು.

ಚೀನದಲ್ಲೂ ಇದೇ ಕಥೆ. ಶೀಚಾಂಗ್ ನೆಲೆ ಇರುವುದು ಒಳನಾಡಿನ ಬೆಟ್ಟಗಳ ನಡುವೆ. ೧೯೯೬ರ ಫೆಬ್ರವರಿಯಲ್ಲಿ ಅಲ್ಲಿಂದ ಹಾರಿದ ರಾಕೆಟ್ಟು ಕ್ಷಣಗಳಲ್ಲೇ ಓಲಿ ಗುಡ್ಡಕ್ಕೆ ಬಡಿಯಿತು. ಸತ್ತವರು ಆರು ಮಂದಿ ಎಂದು ಸರ್ಕಾರಿ ಲೆಕ್ಕ. ಇದು ಹಳೆಯ ಕಥೆಯೂ ಅಲ್ಲ. ೨೦೨೪ರ ಜೂನ್ ೨೨ರಂದು ಫ್ರೆಂಚರೂ ಚೀನೀಯರೂ ಕೂಡಿ ಒಂದು ವಿಜ್ಞಾನದ ಉಪಗ್ರಹವನ್ನು ಹಾರಿಸಿದರು. ಕಳಚಿದ ಹಂತ ಗ್ವಿಜೌ ಪ್ರಾಂತದ ಒಂದು ಹಳ್ಳಿಯ ಹತ್ತಿರ ಕೆಂಪು ಹಳದಿ ಹೊಗೆ ಕಾರುತ್ತ ಬಿತ್ತು. ಜನ ಕಿವಿ ಮುಚ್ಚಿಕೊಂಡು ಓಡುವ ಚಿತ್ರವನ್ನು ಪ್ರಪಂಚವೆಲ್ಲ ನೋಡಿತು. ಅಂದ ಹಾಗೆ, ಆ ಕೆಂಪು ಹೊಗೆ ಹೈಡ್ರಜೀನಿನದಲ್ಲ, ಅದರ ಸಂಗಾತಿ ಟೆಟ್ರಾಕ್ಸೈಡಿನದು. ಹೈಡ್ರಜೀನಿಗೆ ಬಣ್ಣವಿಲ್ಲ. ಹೊಗೆ ಚದುರಿದ ಮೇಲೆ ಮನೆಗೆ ಹಿಂದಿರುಗಿದವರು ಕಾಣದೆ ತುಳಿಯುವುದು ಅದನ್ನೇ.

ಈಗ ಇನ್ನೊಂದು ಚಿತ್ರ. ೨೦೦೮ರಲ್ಲಿ ಅಮೆರಿಕದ ಕೆಟ್ಟುಹೋದ ಬೇಹುಗಾರ ಉಪಗ್ರಹವೊಂದು ಭೂಮಿಗೆ ಬೀಳುವುದರಲ್ಲಿತ್ತು. ಅದರಲ್ಲಿ ಸುಮಾರು ೪೫೦ ಕಿಲೋ ಹೈಡ್ರಜೀನ್ ಇದೆ, ಬಿದ್ದ ಕಡೆ ಜನಕ್ಕೆ ಅಪಾಯ ಎಂದು ಹೇಳಿ ಫೆಬ್ರವರಿಯಲ್ಲಿ ಯುದ್ಧನೌಕೆಯಿಂದ ಕ್ಷಿಪಣಿ ಬಿಟ್ಟು ಅದನ್ನು ಆಕಾಶದಲ್ಲೇ ಒಡೆದರು. ಅದು ನೆಪ, ತಮ್ಮ ಅಸ್ತ್ರದ ಪರೀಕ್ಷೆಯೇ ನಿಜವಾದ ಉದ್ದೇಶ ಎಂದವರೂ ಉಂಟು. ಉದ್ದೇಶ ಏನೇ ಇರಲಿ, ಬಾಯಿಂದ ಬಂದ ಮಾತನ್ನು ಹಿಡಿದುಕೊಳ್ಳೋಣ: ೪೫೦ ಕಿಲೋ ಹೈಡ್ರಜೀನ್ ಎಲ್ಲಾದರೂ ಬೀಳುವುದು ಸಹಿಸತಕ್ಕದ್ದಲ್ಲ. ಇದಕ್ಕೂ ಮುಂಚೆ, ೧೯೮೯ರಲ್ಲಿ, ಅದೇ ದೇಶದಲ್ಲಿ ಸೇಬುಹಣ್ಣಿನ ದೊಡ್ಡ ಗಲಾಟೆ ನಡೆಯಿತು. ಹಣ್ಣು ಉದುರದಂತೆ ಗಿಡಕ್ಕೆ ಸಿಂಪಡಿಸುತ್ತಿದ್ದ ಅಲಾರ್ ಎಂಬ ಔಷಧ, ಹಣ್ಣಿನ ರಸ ಕಾಯಿಸಿದಾಗ ಮುರಿದು ಡೈಮಿಥೈಲ್ ಹೈಡ್ರಜೀನ್ ಆಗುತ್ತದೆ ಎಂದು ತಿಳಿಯಿತು. ಸಿಕ್ಕ ಪ್ರಮಾಣ ಅತ್ಯಲ್ಪ. ಭಯ ಅತಿಯಾಯಿತೆಂದು ವಾದಿಸುವ ವಿಜ್ಞಾನಿಗಳು ಇಂದಿಗೂ ಇದ್ದಾರೆ. ಆದರೂ ತಾಯಂದಿರು ಸೇಬಿನ ರಸವನ್ನು ಚರಂಡಿಗೆ ಚೆಲ್ಲಿದರು, ತಯಾರಕರು ಆ ವರ್ಷವೇ ಔಷಧವನ್ನು ಹಿಂದಕ್ಕೆ ತೆಗೆದುಕೊಂಡರು. ನನಗೆ ಆ ತಾಯಂದಿರ ಮೇಲೆ ಆಕ್ಷೇಪಣೆಯಿಲ್ಲ. ಒಂದು ಲೋಟದಲ್ಲಿ ಕಣದಷ್ಟಿದ್ದಾಗ ಪ್ರಳಯವೆನಿಸಿದ್ದು, ಕಝಾಕರ ಹುಲ್ಲುಗಾವಲಿನಲ್ಲಿ ಟನ್ನುಗಟ್ಟಲೆ ಬಿದ್ದಾಗ ‘ತಾಂತ್ರಿಕ ನಷ್ಟ’ ಆಗುವುದು ಯಾವ ತಕ್ಕಡಿಯಲ್ಲಿ ಎಂಬುದಷ್ಟೇ ನನ್ನ ಕೇಳಿಕೆ.

ಪರದೇಶದವರನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಮನೆಯ ವಿಷಯಕ್ಕೂ ಬರಬೇಕು. ನಮ್ಮ ವಿಕಾಸ್ ಎಂಜಿನು ಫ್ರೆಂಚರ ವೈಕಿಂಗ್ ಎಂಜಿನಿನ ವಂಶದ್ದು; ೧೯೭೪ರ ಒಪ್ಪಂದದ ಫಲ. ಇದು ಉರಿಸುವುದು ಮುಕ್ಕಾಲು ಪಾಲು ಡೈಮಿಥೈಲ್ ಹೈಡ್ರಜೀನ್, ಕಾಲು ಪಾಲು ಹೈಡ್ರಜೀನ್ ಹೈಡ್ರೇಟ್ ಕೂಡಿದ ಮಿಶ್ರಣವನ್ನು. ಪಿಎಸ್‌ಎಲ್‌ವಿಯ ಎರಡನೆಯ ಹಂತದಲ್ಲಿ ಇಂಧನವೂ ಟೆಟ್ರಾಕ್ಸೈಡೂ ಸೇರಿ ನಲವತ್ತು ಟನ್ನಿಗೆ ಮೇಲೆ. ಎಲ್‌ವಿಎಂ೩ರ ನಡುಹಂತದಲ್ಲಿ ನೂರ ಹತ್ತು ಟನ್ನಿಗೆ ಮೇಲೆ. ಗಗನಯಾನಕ್ಕೆ ಆರಿಸಿರುವುದೂ ಎಲ್‌ವಿಎಂ೩ನ್ನೇ. ಈ ಇಂಧನ ತಯಾರಾಗುವುದು ಆಂಧ್ರದ ತಣುಕುವಿನ ಒಂದು ಸಕ್ಕರೆ ಕಂಪೆನಿಯಲ್ಲಿ. ಕಬ್ಬಿನ ರಸದ ಪಕ್ಕದಲ್ಲೇ ಚಂದ್ರನ ದಾರಿಯ ಬುತ್ತಿ!

ನಮ್ಮವರ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳುತ್ತೇನೆ. ಶ್ರೀಹರಿಕೋಟೆ ಕಡಲ ದಂಡೆಯಲ್ಲಿದೆ. ಕಳಚಿದ ಹಂತ ಬೀಳುವುದು ಸಮುದ್ರಕ್ಕೆ, ಯಾರ ಹೊಲಕ್ಕೂ ಅಲ್ಲ. ಇಂಧನ ತುಂಬುವವರು ಹೊರಗಿನಿಂದ ಗಾಳಿ ಬರುವ, ಮೈತುಂಬ ಮುಚ್ಚುವ ಉಡುಪು ತೊಟ್ಟು ತುಂಬುತ್ತಾರೆ. ನಾನು ಕಂಡ ಬಕೆಟ್ಟಿನ ವ್ಯವಸ್ಥೆಗೂ ಇದಕ್ಕೂ ಅಜಗಜಾಂತರ. ಆದರೆ ತಯಾರಾದ ಜಾಗದಿಂದ ಪೀಠದವರೆಗೆ ಬರಬೇಕಾದ ದಾರಿ ನೆಲದ ಮೇಲಿನದು. ಎಂಜಿನಿನ ಪರೀಕ್ಷೆ ನಡೆಯುವ ಮಹೇಂದ್ರಗಿರಿಯೂ ನೆಲದ ಮೇಲಿನದು. ನಾಲ್ಕು ದಶಕದಿಂದ ಎಚ್ಚರಿಕೆಯಿಂದ ನಡೆದುಕೊಂಡಿದ್ದೇವೆ ಎಂಬುದು ಇನ್ನೂ ನಾಲ್ಕು ದಶಕ ನಡೆಸಬೇಕೆಂಬುದಕ್ಕೆ ವಾದವಾಗಲಾರದು.

ಹೀಗೆಂದರೆ ಕೆಲವು ಮಿತ್ರರಿಗೆ ಸಿಟ್ಟು ಬರುತ್ತದೆ. ‘‘ದೇಶದ ಹೆಮ್ಮೆಯ ವಿಷಯದಲ್ಲಿ ಇಂಥ ಕೊಂಕು ತೆಗೆಯಬಾರದು’’ ಎನ್ನುತ್ತಾರೆ. ಹೆಮ್ಮೆ ಅಷ್ಟು ನಾಜೂಕಿನದಾದರೆ ಅದನ್ನು ಹತ್ತಿಯಲ್ಲಿಟ್ಟು ಕಾಪಾಡಲಿ. ರಾಕೆಟ್ಟಿನ ಮೇಲೇಕೆ ಇಡಬೇಕು? ಇನ್ನು ಕೆಲವರು, ತಿಳಿದವರೇ, ‘‘ಇಷ್ಟು ನಂಬಿಕೆಯ ಎಂಜಿನು ಬೇರೆ ಇಲ್ಲ’’ ಎನ್ನುತ್ತಾರೆ. ಇದಕ್ಕೆ ಉತ್ತರ ಕೊಡಬೇಕಾದ್ದೇ. ಆದರೆ ಅದನ್ನು ನಾನು ಕೊಡಬೇಕಾಗಿಲ್ಲ, ಇತಿಹಾಸ ಕೊಟ್ಟಿದೆ. ಈ ಎಂಜಿನನ್ನು ನಮಗೆ ಕಲಿಸಿದ ಯುರೋಪಿನವರೇ ಅದರ ಮೇಲೆ ನಿಂತಿದ್ದ ಏರಿಯಾನ್ ೪ನ್ನು ೨೦೦೩ರಲ್ಲಿ ನಿಲ್ಲಿಸಿದರು. ಅಮೆರಿಕದವರು ೨೦೦೫ರಲ್ಲಿ ಟೈಟನ್ ರಾಕೆಟ್ಟನ್ನು ಮನೆಗೆ ಕಳಿಸಿದರು. ರಷ್ಯದವರು ಪ್ರೋಟಾನಿನ ಜಾಗಕ್ಕೆಂದು ಸೀಮೆಎಣ್ಣೆಯ ಅಂಗಾರಾವನ್ನು ೨೦೧೪ರಲ್ಲಿ ಹಾರಿಸಿದರು. ಚೀನದವರು ೨೦೧೬ರಲ್ಲಿ ಹೈನಾನ್ ದ್ವೀಪದ ಕಡಲತಡಿಯಿಂದ ಸೀಮೆಎಣ್ಣೆಯ ರಾಕೆಟ್ಟು ಹಾರಿಸಿ ತೋರಿಸಿದರು. ತೋರಿಸಿಯೂ ಒಳನಾಡಿನ ಹಳೆಯದನ್ನು ಬಿಡಲಿಲ್ಲ, ಅದು ಬೇರೆ ಮಾತು. ಕೊರೊಲೆವ್ ಹೇಳಿದ್ದನ್ನೇ ಅರ್ಧ ಶತಮಾನ ಸುತ್ತಿ ಎಲ್ಲರೂ ಒಪ್ಪಿಕೊಂಡಂತಾಯಿತು.

ಉಪಗ್ರಹದ ಸಣ್ಣ ಎಂಜಿನುಗಳ ಮಾತು ಇನ್ನೂ ಸ್ಪಷ್ಟ. ಸ್ವೀಡನ್ನಿನವರು ೨೦೧೦ರಲ್ಲಿ ಪ್ರಿಸ್ಮಾ ಎಂಬ ಉಪಗ್ರಹದಲ್ಲಿ ಹೈಡ್ರಜೀನಿಗೆ ಬದಲಾದ, ಅಷ್ಟು ವಿಷವಲ್ಲದ ಇಂಧನವನ್ನು ಉರಿಸಿದರು. ಅಮೆರಿಕದವರು ೨೦೧೯ರಲ್ಲಿ ಇನ್ನೊಂದನ್ನು. ನಮ್ಮ ಬೆಂಗಳೂರಿನ ಬೆಲ್ಲಾಟ್ರಿಕ್ಸ್ ಎಂಬ ಚಿಕ್ಕ ಕಂಪೆನಿ, ತನ್ನ ‘ರುದ್ರ’ ಎಂಬ ಸಣ್ಣ ಎಂಜಿನನ್ನು ೨೦೨೪ರ ಜನವರಿ ೧ರಂದು ಹಾರಿದ ಪಿಎಸ್‌ಎಲ್‌ವಿಯ ಬೆನ್ನಿಗೆ ಕಟ್ಟಿ ಮೇಲೆ ಪರೀಕ್ಷಿಸಿತು. ಅದರದೂ ಹೈಡ್ರಜೀನಿಲ್ಲದ ಇಂಧನ. ಆದುದರಿಂದ ‘ಬೇರೆ ದಾರಿ ಇಲ್ಲ’ ಎಂಬ ಮಾತನ್ನು ಇನ್ನು ಮೇಲೆ ಬಿಡುವುದು ಒಳ್ಳೆಯದು. ‘ಬೇರೆ ದಾರಿಗೆ ಅವಸರವಿಲ್ಲ’ ಎಂದರೆ ಪ್ರಾಮಾಣಿಕವಾದೀತು.

ಅವಸರವಿಲ್ಲವೆಂಬುದಕ್ಕೆ ಸಾಕ್ಷಿ ಬೇಕೆ? ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕದಿಂದ ನಡೆಯುವ ದೊಡ್ಡ ಎಂಜಿನಿಗೆ ನಮ್ಮ ಕೇಂದ್ರ ಸರ್ಕಾರ ಮಂಜೂರಾತಿ ಕೊಟ್ಟದ್ದು ೨೦೦೮ರ ಕೊನೆಯಲ್ಲಿ. ಅದರ ಮುಖ್ಯ ಭಾಗಗಳನ್ನು ಕೂಡಿಸಿ ಮಹೇಂದ್ರಗಿರಿಯಲ್ಲಿ ಉರಿಸಿ ಜಯ ಕಂಡದ್ದು ೨೦೨೫ರ ಮಾರ್ಚ್ ೨೮ರಂದು. ನಡುವೆ ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಸಂದಿತು. ಅದೇ ಸಂಸ್ಥೆ, ಅದೇ ಕಾಲದಲ್ಲಿ, ಮಂಗಳನಿಗೂ ಚಂದ್ರನಿಗೂ ಹೋಗಿಬಂದದ್ದನ್ನು ನೋಡಿದರೆ ಬುದ್ಧಿಯೂ ಶ್ರಮವೂ ಕಡಮೆಯಿಲ್ಲ ಎಂಬುದು ಸ್ಪಷ್ಟ. ಕಡಮೆಯಿದ್ದುದು ಗಡುವು. ಮಂಗಳಯಾನಕ್ಕೆ ಗ್ರಹಗಳೇ ಗಡುವು ಹಾಕಿದ್ದವು. ಹೈಡ್ರಜೀನಿಗೆ ಗಡುವು ಹಾಕುವವರು ಯಾರೂ ಇಲ್ಲ. ಎಲ್‌ವಿಎಂ೩ರ ನಡುಹಂತವನ್ನು ಈ ಹೊಸ ಎಂಜಿನಿಗೆ ಬದಲಾಯಿಸುತ್ತೇವೆಂದು ಇಸ್ರೋ ಹೇಳಿದೆ, ಸಂತೋಷ. ಯಾವ ವರ್ಷದ ಮೇಲೆ ಹಳೆಯದು ಒಂದೂ ಹಾರುವುದಿಲ್ಲ? ಪಿಎಸ್‌ಎಲ್‌ವಿಯ ಎರಡನೆಯ ಹಂತಕ್ಕೆ ಯಾವ ವರ್ಷ? ಎರಡು ಇಸವಿಗಳನ್ನು ಬರೆದು ಪ್ರಕಟಿಸಿದರೆ ಸಾಕು, ಈ ಲೇಖನದ ಆ ಭಾಗವನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಕಾರ್ಖಾನೆಗಳ ಮಾತಿಗೆ ಇಸವಿಯೂ ಬೇಡ, ಸಂಶೋಧನೆಯೂ ಬೇಡ. ದುಬಾರಿ ಎನ್ನುತ್ತಾರಲ್ಲ, ಆ ಬದಲಿ ಪದಾರ್ಥಗಳನ್ನು ಕೊಳ್ಳುವ ಮನಸ್ಸು ಬರುವವರೆಗೆ, ಪೀಪಾಯಿಗೆ ಒಂದು ಪಂಪು ಹಾಕಿಸಲಿ, ಗಾಳಿ ಅಳೆಯುವ ಉಪಕರಣವೊಂದನ್ನು ತರಿಸಲಿ, ಕಾಯಂ ನೌಕರನಿಗೆ ತೆಗೆಯುವ ರಕ್ತದ ಹನಿಯನ್ನು ಗುತ್ತಿಗೆಯವನಿಂದಲೂ ತೆಗೆಸಲಿ. ಹಲಗೆಯನ್ನು ಬರೆಯಲು ಕನ್ನಡದಲ್ಲಿ ತಕ್ಕ ಪಾರಿಭಾಷಿಕ ಪದಗಳಿಲ್ಲ ಎಂದು ನನಗೆ ಹಿಂದೆ ಒಬ್ಬ ಅಧಿಕಾರಿ ಹೇಳಿದ್ದುಂಟು. ಪಾರಿಭಾಷಿಕ ಪದ ಒಂದೂ ಬೇಡ. ಯಾರಿಗೆ ಬೇಕೋ ಅವರು ಕೆಳಗಿನದನ್ನು ಹಾಗೆಯೇ ಬರೆಸಿಕೊಳ್ಳಬಹುದು. ಅಕ್ಷರಗಳು ಗೇಣುದ್ದ ಇರಲಿ:

‘‘ಇದು ವಿಷ. ವಾಸನೆ ಬರದಿದ್ದರೂ ವಿಷ. ಬರಿಗೈಯಲ್ಲಿ ಮುಟ್ಟಬೇಡಿ, ಬಕೆಟ್ಟಿಗೆ ಸುರಿಯಬೇಡಿ. ಮೈಮೇಲೆ ಬಿದ್ದರೆ ಬಟ್ಟೆ ಕಳಚಿ ಕೂಡಲೇ ನೀರು ಹೊಯ್ದುಕೊಳ್ಳಿ, ಹೊಯ್ಯುತ್ತಲೇ ಇರಿ. ಡಾಕ್ಟರಿಗೆ ಈ ಹೆಸರು ಹೇಳಿ: ಹೈಡ್ರಜೀನ್.’’